ದುಬೈ ಲೆಕ್ಕದಲ್ಲಿ ಜರ್ಮನಿ

ಮೂಡುಬಿದಿರೆ ಸಮೀಪದ ಮಿಜಾರು, ಬೆಳ್ತಂಗಡಿ ತಾಲೂಕಿನ ಉಜಿರೆ, ಬಂಟ್ವಾಳ ತಾಲೂಕಿನ ಬೆಂಜನಪದವು ಈ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಮಕ್ಕಳ ಮಾತಿನಲ್ಲಿ ಈಗ ಜರ್ಮನಿ, ಬ್ರಿಟನ್, ಆಸ್ಟ್ರೇಲಿಯಾ ಆಗಾಗ ಕೇಳಿಬರುತ್ತವೆ. ಒಳ್ಳೆಯ ಪ್ರಯೋಗಾಲಯ ಬೇಕು, ಬೇಕಾದ ವಿಷಯವನ್ನು ತಾನೇ ಆರಿಸಿ ಓದಬೇಕು, ಮೇಷ್ಟ್ರನ್ನು ಅಂಜದೆ ಪ್ರಶ್ನಿಸಬೇಕು, ಒಬ್ಬಳೇ ಬದುಕಿ ನೋಡಬೇಕು ಎಂಬ ಆಸೆಗಳು. ಒಂದೊಂದೂ ನ್ಯಾಯವಾದದ್ದೇ. ಹಳ್ಳಿಮನೆಯ ಹುಡುಗಿಯೊಬ್ಬಳು ಇಷ್ಟನ್ನು ಬಯಸುವ ಕಾಲ ಬಂದದ್ದಕ್ಕೆ ಸಂತೋಷಪಡೋಣ.

ಆದರೆ ಈ ಆಸೆಗೆ ಮನೆಯಲ್ಲಿ ಹಾಕುವ ಲೆಕ್ಕ ಹಳೆಯದು. ನಮ್ಮವರಿಗೆ ಊರು ಬಿಡುವುದು ಹೊಸದಲ್ಲ. ಮುಂಬೈಗೆ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಆಮೇಲೆ ಗಲ್ಫಿಗೆ ಹೋದವರು ಸಂಬಳ ಕೈಸೇರಿದಂತೆ ಮನೆಗೆ ಹಣ ಕಳಿಸಿದರು. ಆ ಹಣದಲ್ಲಿ ಇಲ್ಲಿ ಮನೆಗಳೆದ್ದವು, ತಂಗಿಯರ ಮದುವೆ ನಡೆಯಿತು. ‘ದುಡಿದು ಓದುತ್ತೇನೆ, ಸ್ವಲ್ಪ ಸಮಯದಲ್ಲೇ ಸಾಲ ತೀರಿಸುತ್ತೇನೆ’ ಎಂದು ಮಗ ಹೇಳಿದಾಗ ಅಪ್ಪ ಥಟ್ಟನೆ ನಂಬುವುದು ಈ ಅನುಭವದ ಬಲದಿಂದ. ಅದು ಹೆಮ್ಮೆಯ ಅನುಭವ. ಆದರೆ ದುಡಿಯಲು ಹೋದವನು ಮನೆಗೆ ಹಣ ಕಳಿಸುತ್ತಾನೆ, ಓದಲು ಹೋಗುವವನು ಮನೆಯಿಂದ ಹಣ ಒಯ್ಯುತ್ತಾನೆ.

ವಿದ್ಯಾರ್ಥಿ ಎಷ್ಟು ದುಡಿಯಬಹುದು ಎಂಬುದಕ್ಕೂ ಕಾನೂನಿನ ಮಿತಿಯಿದೆ. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಬ್ರಿಟನ್ನಿನಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ. ಆಸ್ಟ್ರೇಲಿಯಾದಲ್ಲಿ ತರಗತಿಗಳ ಕಾಲದಲ್ಲಿ ಎರಡು ವಾರಕ್ಕೆ 48 ಗಂಟೆ. ಈ ದುಡಿಮೆಯಲ್ಲಿ ಅಕ್ಕಿ, ಬಾಡಿಗೆ, ಬಸ್ ಪಾಸಿನ ಖರ್ಚು ಒಂದಿಷ್ಟು ಹಗುರವಾದೀತು. ಫೀಸು ಮತ್ತು ಸಾಲದ ಕಂತು ಎರಡನ್ನೂ ಇದರ ಮೇಲೆಯೇ ಹೊರಿಸಿದರೆ ಮಗು ನಿದ್ದೆಗೆಟ್ಟು ದುಡಿಯುತ್ತದೆ, ಓದು ಹಿಂದೆ ಬೀಳುತ್ತದೆ.

ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತೂ ಪೂರ್ತಿ ಸತ್ಯವಲ್ಲ. ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ದೇಶಗಳ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಇನ್ನು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೊಗೆ ಏರಿತು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಅದರಲ್ಲಿ ತಿಂಗಳಿಗೆ ಕೈಗೆ ಸಿಗುವುದು 992 ಯೂರೊ.

ಈ ಹಣ ಎಲ್ಲಿಂದ ಬರಬೇಕು? ಸಾಲ ಏಳೂವರೆ ಲಕ್ಷ ದಾಟಿದರೆ ಸರಕಾರಿ ಬ್ಯಾಂಕು ಸಾಮಾನ್ಯವಾಗಿ ಅಡವು ಕೇಳುತ್ತದೆ. ‘ತೋಟ ಉಂಟಲ್ಲ’ ಎಂದು ಧೈರ್ಯದಲ್ಲಿದ್ದ ಅಪ್ಪನಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿ. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚುವ 2002ರ ಸರ್ಫೇಸಿ ಕಾಯಿದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಫಲ ಕೊಡುವ ಅಡಿಕೆ ತೋಟವನ್ನೂ ಅಡವಾಗಿ ಒಪ್ಪಲು ಅವು ಹಿಂಜರಿಯುತ್ತವೆ. ತೋಟಕ್ಕೆ ತಾಗಿದ ಕುಮ್ಕಿ ಜಾಗವಂತೂ ಸರಕಾರದ್ದು. ಕೊನೆಗೆ ಉಳಿಯುವುದು ಮನೆ, ಕನ್ವರ್ಷನ್ ಆದ ನಾಲ್ಕು ಸೆಂಟ್ಸ್, ಅಮ್ಮನ ಚಿನ್ನ. ಅಡವಿಡುವುದು ಇವನ್ನು ಎಂದ ಮೇಲೆ ಕೋರ್ಸು ಮುಗಿದು ಒಂದು ವರ್ಷದವರೆಗೆ ಕೆಲಸ ಸಿಗದಿದ್ದರೆ ಏನು ಮಾಡುವುದೆಂದು ಅಪ್ಪ, ಅಮ್ಮ, ಮಗಳು ಒಟ್ಟಿಗೆ ಕುಳಿತು ಮಾತಾಡಬೇಡವೇ? ಸಾಲದ ರಜಾ ಅವಧಿ ಮುಗಿಯುವುದು ಹೆಚ್ಚಾಗಿ ಆ ಹೊತ್ತಿಗೆ. ಬಡ್ಡಿಗೆ ಮಾತ್ರ ರಜೆಯಿಲ್ಲ.

ಇಂಥ ಮಾತು ಇಂದು ನಡೆಯುವುದು ಏಜೆಂಟರ ಕಚೇರಿಯಲ್ಲಿ. ಸೀಟು ಮಾಡಿಸಿದರೆ ಅವರಿಗೆ ವಿದೇಶದ ವಿದ್ಯಾಸಂಸ್ಥೆಗಳಿಂದ ಕಮಿಷನ್ ಬರುವುದೂ ಉಂಟು. ಅಂಥವರಿಂದ ‘ಈ ವರ್ಷ ಬೇಡ, ತಡೆಯಿರಿ’ ಎಂಬ ಸಲಹೆ ನಿರೀಕ್ಷಿಸುವುದು ಕಷ್ಟ. ಆ ಸಲಹೆ ಕೊಡಬಲ್ಲವರು ನಮ್ಮ ಕಾಲೇಜುಗಳು. ಹೆತ್ತವರನ್ನು ಆರನೇ ಸೆಮಿಸ್ಟರಿನಲ್ಲೇ ಕರೆಯಲಿ; ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಏಜೆಂಟರಿಗೆ ಅಡ್ವಾನ್ಸ್ ಹೋಗಿರುತ್ತದೆ. ಸಭೆ ತುಳುವಿನಲ್ಲಿ, ಕನ್ನಡದಲ್ಲಿ ನಡೆಯಲಿ. ಬ್ಯಾಂಕಿನ ಸಾಲ ವಿಭಾಗದವರೊಬ್ಬರು ಇರಲಿ. ಸಮಾಜ ಕಲ್ಯಾಣ ಇಲಾಖೆಯವರು ಬಂದು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ವಿದೇಶದಲ್ಲಿ ಓದಲು ನೆರವಾಗುವ ಪ್ರಬುದ್ಧ ಯೋಜನೆಯನ್ನು ವಿವರಿಸಲಿ. ವಿದೇಶದಲ್ಲಿರುವ ಹಳೆ ವಿದ್ಯಾರ್ಥಿಗಳು ವೀಡಿಯೊ ಕರೆಯಲ್ಲಿ ತಮ್ಮ ಒಂದು ತಿಂಗಳ ಜಮಾ-ಖರ್ಚನ್ನು, ಕೆಲಸಕ್ಕಾಗಿ ಎಷ್ಟು ಕಡೆ ಅರ್ಜಿ ಹಾಕಿದರೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ.