ಮನೆಗಳ ಮಾರಾಟ ಏರಿದೆ, ಯಾರ ಮನೆಗಳು?

ಮೊನ್ನೆ ಸಂಜೆ ಸಂಘದ ಕಚೇರಿಗೆ ಗಿರಣಿಯ ಹಿರಿಯ ಕಾರ್ಮಿಕರೊಬ್ಬರು ಬಂದಿದ್ದರು. ಅವರ ಮಗ ಬೆಂಗಳೂರಿನ ಪೀಣ್ಯದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕೈಯಲ್ಲಿದ್ದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಅವರು ಕೇಳಿದರು: "ಮೇಷ್ಟ್ರೇ, ಬೆಂಗಳೂರಾಗೆ ಮನೆ ವ್ಯಾಪಾರ ಭಾರಿ ಜೋರೈತಂತೆ. ಅಷ್ಟೊಂದು ಮನೆ ಮಾರಾಟ ಆಗ್ತವೆ ಅಂದ್ರೆ, ನಮ್ಮ ಹುಡುಗನಿಗೆ ಒಂದು ಯಾಕೆ ಸಿಗ್ತಿಲ್ಲ?"

ಬಂಧುಗಳೇ, ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಒಂದು ಕಡೆ ಮಾರಾಟ ಹೆಚ್ಚಿದೆಯೆಂಬ ಡಂಗುರ. ಇನ್ನೊಂದು ಕಡೆ ಗಂಡ ಹೆಂಡತಿ ಇಬ್ಬರೂ ದುಡಿದರೂ ವಠಾರದ ಒಂದು ಕೋಣೆ ಬಿಟ್ಟು ಹೊರಬರಲಾಗದ ಸಂಸಾರ. ಎರಡೂ ಸತ್ಯವೇ. ಹಾಗಾದರೆ ಲೆಕ್ಕದಲ್ಲಿ ಎಲ್ಲೋ ಏನೋ ಮುಚ್ಚಿಟ್ಟಿದ್ದಾರೆ ಎಂದಾಯಿತು. ನಾನು ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು. ಆದುದರಿಂದ ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದಂತೆಯೇ ಬಿಡಿಸಿ ನೋಡೋಣ.

ಮನೆಗಳ ಕ್ರಯವಿಕ್ರಯದ ಲೆಕ್ಕ ಇಡುವ ನೈಟ್ ಫ್ರಾಂಕ್ ಎಂಬ ಕಂಪನಿಯಿದೆ. ಅದು ದುಡಿಯುವವರ ಪರವಾದ ಸಂಸ್ಥೆಯಲ್ಲ, ಭೂಮಿ ಕಟ್ಟಡಗಳ ವ್ಯವಹಾರದವರಿಗೆ ಸಲಹೆ ಹೇಳುವ ಸಂಸ್ಥೆ. ಅದರ ಪ್ರಕಾರ, ಬೆಂಗಳೂರೂ ಸೇರಿದಂತೆ ದೇಶದ ಎಂಟು ದೊಡ್ಡ ನಗರಗಳಲ್ಲಿ 2023ರ ಮೊದಲ ಆರು ತಿಂಗಳಲ್ಲಿ ಸುಮಾರು 1,56,000 ಮನೆಗಳು ಮಾರಾಟವಾದವು. 2024ರ ಮೊದಲ ಆರು ತಿಂಗಳಲ್ಲಿ ಅದು 1,73,000ಕ್ಕೆ ಏರಿತು. ನೂರಕ್ಕೆ ಹನ್ನೊಂದರಷ್ಟು ಏರಿಕೆ. ಪತ್ರಿಕೆಗಳು ದಪ್ಪ ಅಕ್ಷರದಲ್ಲಿ ಹಾಕುವುದು ಇಷ್ಟನ್ನೇ.

ಈಗ ಇದೇ ಲೆಕ್ಕವನ್ನು ಬೆಲೆಯ ಪ್ರಕಾರ ಒಡೆಯಿರಿ. ಮೊದಲ ವರ್ಷ ನೂರು ಮನೆ ಮಾರಿದವು ಎಂದು ಇಟ್ಟುಕೊಳ್ಳಿ. ಅವುಗಳಲ್ಲಿ 50 ಲಕ್ಷದೊಳಗಿನವು 32, 50 ಲಕ್ಷದಿಂದ 1 ಕೋಟಿವರೆಗಿನವು 38, ಕೋಟಿಗೆ ಮೇಲ್ಪಟ್ಟವು 30. ಮರುವರ್ಷ ನೂರರ ಬದಲು 111 ಮನೆ ಮಾರಿದವು. ಅವುಗಳಲ್ಲಿ 50 ಲಕ್ಷದೊಳಗಿನವು 30ಕ್ಕೆ ಇಳಿದವು. ನಡುವಿನವೂ 36ಕ್ಕೆ ಇಳಿದವು. ಕೋಟಿಯ ಮನೆಗಳು ಮಾತ್ರ 30ರಿಂದ 45ಕ್ಕೆ ಜಿಗಿದವು. ಅಂದರೆ ಏರಿಕೆಯೆಲ್ಲ ಮೇಲಿನ ಅಂತಸ್ತಿನದು. ಕೆಳಗಿನ ಎರಡು ಅಂತಸ್ತುಗಳಲ್ಲಿ ಆದದ್ದು ಇಳಿಕೆ. ಇಳಿಕೆಯನ್ನೂ ಏರಿಕೆಯನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿ "ಮಾರಾಟ ಏರಿದೆ" ಎಂದು ಬರೆದರು.

ಇದು ಒಂದು ವರ್ಷದ ಆಕಸ್ಮಿಕವೂ ಅಲ್ಲ. ಅನರಾಕ್ ಎಂಬ ಇನ್ನೊಂದು ಕಂಪನಿ ಏಳು ನಗರಗಳ ಲೆಕ್ಕ ಇಡುತ್ತದೆ. ಅದರಂತೆ 40 ಲಕ್ಷದೊಳಗಿನ ಮನೆಗಳ ಪಾಲು 2019ರಲ್ಲಿ ಒಟ್ಟು ಮಾರಾಟದ ಶೇಕಡಾ 38 ಇದ್ದದ್ದು 2024ರ ಹೊತ್ತಿಗೆ ಶೇಕಡಾ 18ಕ್ಕೆ ಬಂತು. ಐದು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ.

ಜವಳಿ ಅಂಗಡಿಯಿಟ್ಟ ನಮ್ಮ ವರ್ತಕ ಬಂಧುಗಳಿಗೆ ಇದು ಚೆನ್ನಾಗಿ ಗೊತ್ತು. ಪಟ್ಟೆ ಸೀರೆ ಹೆಚ್ಚು ಹೋಯಿತು, ನೂಲಿನ ಸೀರೆ ನಿಂತುಹೋಯಿತು ಎಂದಾದರೆ ಗಲ್ಲಾಪೆಟ್ಟಿಗೆ ತುಂಬಿರಬಹುದು. ಆದರೆ ಊರಿನ ಹೆಂಗಸರೆಲ್ಲ ಸುಖವಾಗಿದ್ದಾರೆ ಎಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ. ನೂಲಿನ ಸೀರೆ ಕೊಳ್ಳುವವರು ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾರೆ ಎಂದು ಅವನಿಗೆ ತಿಳಿಯುತ್ತದೆ. ನಗರದ ಲೆಕ್ಕ ಬರೆಯುವ ಮಹಾಶಯರಿಗೆ ಮಾತ್ರ ಇಷ್ಟು ತಿಳಿಯುವುದಿಲ್ಲ!

ಇನ್ನು ನಮ್ಮ ಹಿರಿಯ ಕಾರ್ಮಿಕರ ಮಗನ ಲೆಕ್ಕಕ್ಕೆ ಬರೋಣ. ಗಂಡ ಹೆಂಡತಿ ತಲಾ 15,000 ರೂಪಾಯಿಯಂತೆ ತಿಂಗಳಿಗೆ 30,000 ತರುತ್ತಾರೆಂದು ಇಟ್ಟುಕೊಳ್ಳಿ. ಕೇಂದ್ರ ಸರ್ಕಾರ ತೆರಿಗೆ ರಿಯಾಯಿತಿಗಾಗಿ 2019ರ ಏಪ್ರಿಲ್ 1ರಿಂದ "ಕೈಗೆಟುಕುವ ಮನೆ" ಎಂದರೆ 45 ಲಕ್ಷದವರೆಗಿನ ಮನೆ ಎಂದು ಗೊತ್ತುಮಾಡಿದೆ. ಬೆಂಗಳೂರಿನಂಥ ನಗರದಲ್ಲಿ ಅದರ ಒಳವಿಸ್ತೀರ್ಣ 60 ಚದರ ಮೀಟರು ಮೀರಬಾರದು. ಈ ಕೈಗೆಟುಕುವ ಮನೆಗೆ ಕೈ ಚಾಚಿ ನೋಡೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಮನೆಗೆ ಬ್ಯಾಂಕು ಕೊಡಬಹುದಾದ ಸಾಲ ನೂರಕ್ಕೆ 80. ಹಾಗಾದರೆ 9 ಲಕ್ಷ ರೂಪಾಯಿ ಮೊದಲೇ ಕೈಯಲ್ಲಿರಬೇಕು. ಉಳಿದ 36 ಲಕ್ಷವನ್ನು ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 31,200 ರೂಪಾಯಿ. ಇಬ್ಬರ ಸಂಬಳವನ್ನೂ ಪೂರ್ತಿ ಸುರಿದರೂ ಇನ್ನೂ 1,200 ಸಾಲ ಮಾಡಬೇಕು. ಒಲೆಗೆ ಪಾತ್ರೆ ಇಡುವ ಮಾತು ಆಮೇಲಿನದು.

ಈ ಸಂಸಾರ ತನ್ನ ಸಂಪಾದನೆಯ ಮೂರನೆಯ ಒಂದು ಪಾಲನ್ನು, ಅಂದರೆ 10,000 ರೂಪಾಯಿಯನ್ನು, ಕಂತಿಗೆ ಕಟ್ಟಬಲ್ಲದು ಎಂದರೆ ಸಿಗಬಹುದಾದ ಸಾಲ ಸುಮಾರು ಹನ್ನೊಂದೂವರೆ ಲಕ್ಷ. ಮನೆಯ ಬೆಲೆ ಹನ್ನೆರಡು ಹದಿಮೂರು ಲಕ್ಷ ಮೀರಬಾರದು. ಬೆಂಗಳೂರಿನಲ್ಲಿ ಆ ಬೆಲೆಗೆ ಕಟ್ಟಡದ ಕಂಪನಿಯವರು ಹೊಸ ಮನೆ ಕಟ್ಟುತ್ತಾರೆಯೇ? ಇಲ್ಲ. ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯ ಮಾತಿದೆ. ದುಡಿಯುವವನು ಆ ಪಟ್ಟಿಯ ಕೊನೆಯ ಸಾಲಿನಲ್ಲೂ ಇಲ್ಲ. "50 ಲಕ್ಷದೊಳಗೆ" ಎಂಬುದು ಅವರ ದೃಷ್ಟಿಯಲ್ಲಿ ತಳದ ಮೆಟ್ಟಿಲು. ನಮ್ಮವರು ಆ ಮೆಟ್ಟಿಲಿನ ಕೆಳಗೆ, ನೆಲದ ಮೇಲೆ ನಿಂತಿದ್ದಾರೆ.

"ನಾವು ಪಟ್ಟಿಯಲ್ಲೇ ಇಲ್ಲವೆಂದ ಮೇಲೆ ಆ ತಳದ ಮೆಟ್ಟಿಲು ಮುರಿದರೆ ನಮಗೇನು?" ಎಂದು ಯಾರಾದರೂ ಕೇಳಬಹುದು. ನಷ್ಟ ನಮಗೇ. 40, 50 ಲಕ್ಷದ ಮನೆ ಕೊಳ್ಳುತ್ತಿದ್ದವರು ಯಾರು? ಮೇಷ್ಟ್ರು, ಗುಮಾಸ್ತ, ಕಿರಾಣಿ ಅಂಗಡಿಯವನು, ಬಸ್ಸಿನ ಡ್ರೈವರು. ಅವರಿಗೆ ಕೊಳ್ಳುವ ಮನೆ ಇಲ್ಲದಾದಾಗ ಅವರು ಬಾಡಿಗೆ ಮನೆಗೆ, ಭೋಗ್ಯದ ಮನೆಗೆ ಬರುತ್ತಾರೆ. ಅಲ್ಲಿದ್ದವನು ಒಂದು ಮೆಟ್ಟಿಲು ಕೆಳಗಿಳಿದು ವಠಾರಕ್ಕೆ ಬರುತ್ತಾನೆ. ವಠಾರದಲ್ಲಿದ್ದವನು ನಗರದ ಹೊರಗೆ, ಕಾರ್ಖಾನೆಯಿಂದ ಎರಡು ಬಸ್ಸಿನ ದೂರಕ್ಕೆ ಹೋಗುತ್ತಾನೆ. ಮೇಲಿನವನು ಕೆಳಗಿನವನ ಎದುರು ನಿಂತು ಬಾಡಿಗೆ ಏರಿಸುತ್ತಾನೆ. ಅದು ಅವನ ದುಷ್ಟತನವಲ್ಲ, ಅವನಿಗೂ ಬೇರೆ ದಾರಿಯಿಲ್ಲ. ಸಣ್ಣ ವ್ಯಾಪಾರಿಯೂ ಗಿರಣಿ ಕಾರ್ಮಿಕನೂ ಒಂದೇ ಹಗ್ಗದಲ್ಲಿ ಕಟ್ಟಿಸಿಕೊಂಡಿರುವುದು ಹೀಗೆ. ವ್ಯಾಪಾರಿಗೆ ಇನ್ನೊಂದು ಕಷ್ಟವೂ ಉಂಟು. ಸಂಬಳದ ಚೀಟಿ ಇಲ್ಲದವನ ಸಂಪಾದನೆಯನ್ನು ಬ್ಯಾಂಕು ಸುಲಭವಾಗಿ ನಂಬುವುದಿಲ್ಲ.

ಕೆಳಗಿನ ಬೆಲೆಯ ಮನೆಗಳ ಮಾರಾಟ ಏಕೆ ಕುಸಿಯಿತು? ಕೊಳ್ಳುವವರ ಆಸೆ ಸತ್ತಿತೆಂದಲ್ಲ. ಸಿಮೆಂಟು, ಕಬ್ಬಿಣ, ಕೂಲಿ ಇವು ದೊಡ್ಡ ಮನೆಗೂ ಸಣ್ಣ ಮನೆಗೂ ಚದರಕ್ಕೆ ಹೆಚ್ಚು ಕಡಿಮೆ ಒಂದೇ. ನೆಲದ ಬೆಲೆ ಮಾತ್ರ ವರ್ಷ ವರ್ಷಕ್ಕೂ ಏರುತ್ತದೆ. ಅದೇ ನೆಲದ ಮೇಲೆ ಶ್ರೀಮಂತನಿಗೆ ಕಟ್ಟಿದರೆ ಲಾಭ ಹೆಚ್ಚು, ಹಣವೂ ಬೇಗ ಬರುತ್ತದೆ ಎಂದರೆ ಬಂಡವಾಳ ಹೂಡಿದವನು ಬಡವನಿಗೆ ಏಕೆ ಕಟ್ಟಿಯಾನು? ಇನ್ನು ಬಡ್ಡಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯ ಒಳಗೆ ರಿಸರ್ವ್ ಬ್ಯಾಂಕಿನ ರೆಪೋ ದರ ಶೇಕಡಾ 4ರಿಂದ 6.5ಕ್ಕೆ ಏರಿತು. ಕೈಯಲ್ಲಿ ಹಣವಿದ್ದವನಿಗೆ ಅದು ತಾಗಲಿಲ್ಲ. ಸಾಲವನ್ನೇ ನಂಬಿದವನ ಬೆನ್ನು ಮುರಿಯಿತು. ಆಮೇಲೆ ದರ ಇಳಿಯಿತೆಂಬುದು ನಿಜ. ಆದರೆ ಅಷ್ಟರಲ್ಲಿ ಮನೆಯ ಬೆಲೆ ಏರಿತ್ತು, ಅದು ಇಳಿಯಲಿಲ್ಲ.

ಸರ್ಕಾರವೂ ಆ ಹೊತ್ತಿನಲ್ಲೇ ಕೈ ಹಿಂತೆಗೆಯಿತು. ಸಣ್ಣ ಮನೆ ಕಟ್ಟುವವರಿಗೆ ಲಾಭದ ಮೇಲಿದ್ದ ಆದಾಯ ತೆರಿಗೆ ವಿನಾಯಿತಿ 2022ರ ಮಾರ್ಚ್ 31ರ ನಂತರ ಮಂಜೂರಾದ ಯೋಜನೆಗಳಿಗೆ ಸಿಗದಾಯಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನವೂ 2022ರ ಹೊತ್ತಿಗೆ ನಿಂತಿತು. 2024ರಲ್ಲಿ ಅದನ್ನು ಮತ್ತೆ ತಂದಿದ್ದಾರೆ: 35 ಲಕ್ಷದವರೆಗಿನ ಮನೆಗೆ ಹೆಚ್ಚೆಂದರೆ 1.80 ಲಕ್ಷ ರೂಪಾಯಿ. ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಆ ಬೆಲೆಯ ಹೊಸ ಮನೆಯನ್ನು ದೀಪ ಹಿಡಿದು ಹುಡುಕಬೇಕು. ನಮ್ಮ ರಾಜ್ಯ ಸರ್ಕಾರವೂ 45 ಲಕ್ಷದವರೆಗಿನ ಹೊಸ ಫ್ಲ್ಯಾಟುಗಳಿಗೆ ಮುದ್ರಾಂಕ ಶುಲ್ಕ ಇಳಿಸಿ ಒಂದು ಒಳ್ಳೆಯ ಕೆಲಸ ಮಾಡಿತ್ತು. ಆದರೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಿದಾಗ ಬಡವ ಬಲ್ಲಿದ ಎಂಬ ಭೇದ ನೋಡಲಿಲ್ಲ. 45 ಲಕ್ಷದ ಮನೆಗೆ ಹೆಚ್ಚುವರಿ ಹೊರೆ 45,000 ರೂಪಾಯಿ. ಮೂರು ಕೋಟಿ ಕೊಡುವವನಿಗೆ ಮೂರು ಲಕ್ಷ ದೊಡ್ಡದಲ್ಲ. ಇವನಿಗೆ 45,000 ಎಂದರೆ ಸಂಸಾರದ ತಿಂಗಳುಗಟ್ಟಲೆ ಉಳಿತಾಯ.

ಕಟ್ಟಡದ ಕಂಪನಿಯವರು ಈಗ 45 ಲಕ್ಷದ ಮಿತಿ ಹಳೆಯದಾಯಿತು, ಅದನ್ನು ಏರಿಸಿ ಎನ್ನುತ್ತಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 2019ರ ಮಿತಿ ಇಂದಿನ ಬೆಲೆಗೆ ಸಾಲದು. ಆದರೆ ಮಿತಿಯನ್ನು 75 ಲಕ್ಷಕ್ಕೆ ಏರಿಸಿದರೆ 75 ಲಕ್ಷದ ಮನೆಗೆ ತೆರಿಗೆ ತಗ್ಗೀತೇ ಹೊರತು 13 ಲಕ್ಷ ಕೊಡಬಲ್ಲವನಿಗೆ ಸೂರು ಬಾರದು. ಕೈಗೆಟುಕುವುದು ಯಾವುದೆಂದು ಅಳೆಯಬೇಕಾದದ್ದು ಕೊಳ್ಳುವವನ ಕೂಲಿಯಿಂದ, ಮಾರುವವನ ಬೆಲೆಪಟ್ಟಿಯಿಂದಲ್ಲ.

ಇನ್ನು ಕೆಲವರು, ಶ್ರೀಮಂತರು ಹೊಸ ಮನೆಗೆ ಹೋದರೆ ಅವರ ಹಳೆಯ ಮನೆ ಕೆಳಗಿನವರಿಗೆ ಸಿಗುತ್ತದೆ ಎನ್ನುತ್ತಾರೆ. ಹಾಗಾಗುವುದಿದ್ದರೆ ಈಗಾಗಲೇ ಆಗಿರಬೇಕಿತ್ತು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.11 ಕೋಟಿ. ಮರುವರ್ಷ ಕೇಂದ್ರ ಸರ್ಕಾರದ ತಜ್ಞರ ಸಮಿತಿಯೇ ನಗರಗಳಲ್ಲಿ ಮನೆಗಳ ಕೊರತೆ 1.88 ಕೋಟಿ ಎಂದು ಹೇಳಿತು. ಅದರಲ್ಲಿ ನೂರಕ್ಕೆ 96ರಷ್ಟು ಬಡವರ ಮತ್ತು ಕಡಿಮೆ ಸಂಪಾದನೆಯವರ ಕೊರತೆ. ಅತ್ತ ಬೀಗ ಹಾಕಿದ ಮನೆ, ಇತ್ತ ಮನೆಯಿಲ್ಲದ ಜನ. ಮನೆಯನ್ನು ವಾಸಕ್ಕಲ್ಲದೆ ಹಣ ಬೆಳೆಸುವುದಕ್ಕೆ ಕೊಳ್ಳುವ ಕಡೆ ಹಳೆಯ ಮನೆ ಕೆಳಗಿಳಿದು ಬರುವುದಿಲ್ಲ.

ಸರ್ಕಾರ ಮನಸ್ಸು ಮಾಡಿದರೆ ಆಗದ ಕೆಲಸ ಇದಲ್ಲ. 1952ರಲ್ಲೇ ಕೈಗಾರಿಕಾ ಕಾರ್ಮಿಕರ ವಸತಿಗೆ ಕೇಂದ್ರದ ಸಹಾಯಧನದ ಯೋಜನೆ ಬಂದಿತ್ತು. ಬೆಂಗಳೂರಿನ ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಬಡಾವಣೆಯಾಗಿ. ಆದರೆ ಮಲ್ಲೇಶ್ವರದ ರಾಜಾ ಮಿಲ್ಲು ಇದ್ದ ಜಾಗದಲ್ಲಿ ಇಂದು ಮಾಲ್ ನಿಂತಿದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಮುಗಿಲೆತ್ತರದ ಮನೆಗಳು ಎದ್ದಿವೆ. ಅಲ್ಲಿ ನೂಲು ತೆಗೆದವರ ಮಕ್ಕಳಲ್ಲಿ ಎಷ್ಟು ಮಂದಿ ಆ ಮನೆಗಳ ಬಾಗಿಲು ತೆರೆದು ಒಳಗೆ ಹೋದಾರು?

ಆದುದರಿಂದ ನಾವು ಕೇಳಬೇಕಾದದ್ದು ನಾಲ್ಕು. ಒಂದು: ಪ್ರತಿಯೊಂದು ಕ್ರಯಪತ್ರವೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದಾಖಲಾಗುತ್ತದೆ, ಯಾವ ಬೆಲೆಯ ಮನೆ ಎಷ್ಟು ಮಾರಾಟವಾಯಿತೆಂದು ಸರ್ಕಾರವೇ ತಿಂಗಳು ತಿಂಗಳು ಪ್ರಕಟಿಸಲಿ. ಕಂಪನಿಗಳ ವರದಿಗೆ ನಾವೇಕೆ ಕಾಯಬೇಕು? ಎರಡು: ನೋಂದಣಿ ಶುಲ್ಕಕ್ಕೂ ಮೆಟ್ಟಿಲು ಇರಲಿ, ಮೊದಲ ಮನೆ ಕೊಳ್ಳುವ ಸಣ್ಣವನಿಗೆ ಹಳೆಯ ದರವೇ ಇರಲಿ. ಮೂರು: ಗೃಹಮಂಡಳಿ ಮತ್ತು ಅಭಿವೃದ್ಧಿ ಪ್ರಾಧಿಕಾರಗಳ ನೆಲವನ್ನು ಹರಾಜಿಗಿಡುವ ಬದಲು ಅದರಲ್ಲೊಂದು ಪಾಲನ್ನು ಸಾರ್ವಜನಿಕವಾಗಿಯೇ ಉಳಿಸಿಕೊಂಡು, ಕೂಲಿಗೆ ತಕ್ಕ ಬಾಡಿಗೆಯ ಮನೆಗಳನ್ನು ಕಟ್ಟಲಿ. ಎಲ್ಲರೂ ಮನೆ ಕೊಳ್ಳಲೇಬೇಕೆಂಬ ಹಟ ನಮಗಿಲ್ಲ. ಬಿಡಿಸಿ ಹೊರಹಾಕುವ ಭಯವಿಲ್ಲದ ಸೂರು ಬೇಕು. ನಾಲ್ಕು: ಮುಚ್ಚಿದ ಗಿರಣಿಗಳ ನೆಲ ಕೈ ಬದಲಾಗುವ ಮುನ್ನ ದುಡಿದವರ ವಸತಿಗೆ ಒಂದು ಪಾಲು ಕಾನೂನಿನಿಂದ ಮೀಸಲಾಗಲಿ. ಈ ನಾಲ್ಕನೆಯದು ಬೆಂಗಳೂರಿನ ಮಾತಷ್ಟೇ ಅಲ್ಲ, ಗಿರಣಿಯಿಂದ ಬೆಳೆದ ನಮ್ಮಂಥ ಜಿಲ್ಲಾ ಊರುಗಳ ಮಾತೂ ಹೌದು.

ಇಷ್ಟನ್ನೂ ಕಾಗದದ ಮೇಲೆ ಬಿಡಿಸಿ ತೋರಿಸಿದಾಗ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ತಪ್ಪು ನಮ್ಮ ಹುಡುಗನದಲ್ಲ, ಅಲ್ವಾ ಮೇಷ್ಟ್ರೇ?" ಎಂದರು. ಅಲ್ಲ ಯಜಮಾನರೇ, ಖಂಡಿತ ಅಲ್ಲ ಎಂದೆ. ಅವರು ಆ ಲೆಕ್ಕದ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ಮಗನಿಗೆ ತೋರಿಸುತ್ತಾರಂತೆ. ಮುಂದಿನ ಭಾನುವಾರದ ಸಭೆಗೆ ಅದನ್ನೇ ಓದುವ ಏರ್ಪಾಡಾಗಿದೆ. ಬಾಡಿಗೆ ಕಟ್ಟುವವರೆಲ್ಲರೂ ಬರಬೇಕು, ಅಂಗಡಿಯವರೂ ಬರಬೇಕು.