ಸಂಬಳದ ಆಟಕ್ಕೆ ಗೌರವ ತಂದ ಹ್ಯಾರಿ ರೈಟ್

"ಆಟ ಆಡಿದರೆ ಹೊಟ್ಟೆ ತುಂಬೀತೆ?" ಪಾಲಕರ ಈ ಪ್ರಶ್ನೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬೇಸ್‌ಬಾಲ್ ಬಿಡುವಿನ ವೇಳೆಯ ಆಟವಾಗಿತ್ತು. ಹಣಕ್ಕಾಗಿ ಆಡುವುದು ಸಭ್ಯರಿಗೆ ತಕ್ಕುದಲ್ಲ ಎಂಬ ಭಾವನೆಯಿತ್ತು. ಹಾಗಾಗಿ ಕೆಲವರು ಗುಟ್ಟಾಗಿ ಹಣ ಪಡೆಯುತ್ತಿದ್ದರು. ಆ ಗುಟ್ಟನ್ನು ಕೊನೆಗಾಣಿಸಿ, ಆಟವನ್ನು ಗೌರವದ ಉದ್ಯೋಗವಾಗಿಸಿದವರಲ್ಲಿ ಹ್ಯಾರಿ ರೈಟ್ ಪ್ರಮುಖರು.

ರೈಟ್ ಹುಟ್ಟಿದ್ದು 1835ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಎಳವೆಯಲ್ಲೇ ಅಮೆರಿಕ ಸೇರಿದರು. ತಂದೆ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಸಂಬಳದ ಕ್ರಿಕೆಟ್ ಆಟಗಾರ. ಮಗ ಒಡವೆ ಮಾಡುವ ಕೆಲಸ ಕಲಿತರೂ ಮನಸ್ಸು ಮೈದಾನದಲ್ಲೇ ಇತ್ತು. ಕ್ರಿಕೆಟ್ಟಿಗಾಗಿ ಸಿನ್ಸಿನಾಟಿ ನಗರಕ್ಕೆ ಹೋದವರು, ಅಲ್ಲಿನ 'ರೆಡ್ ಸ್ಟಾಕಿಂಗ್ಸ್' ಬೇಸ್‌ಬಾಲ್ ತಂಡದ ನಾಯಕರಾದರು.

1869ರಲ್ಲಿ ಈ ತಂಡದ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಗೊತ್ತಾಯಿತು. ನಾಯಕ ಹ್ಯಾರಿಗೆ 1,200 ಡಾಲರ್. ತಮ್ಮ ಜಾರ್ಜ್‌ಗೆ 1,400! ತಮ್ಮನ ಆಟ ಹೆಚ್ಚು ಚುರುಕಾಗಿತ್ತು, ಅಷ್ಟೆ. ಸಂಬಳ ಪಡೆದ ಮೇಲೆ ಕೆಲಸವೂ ಆಗಬೇಕಲ್ಲ? ತಪ್ಪದ ಅಭ್ಯಾಸ, ಶಿಸ್ತು, ಒಬ್ಬನ ಕೈ ತಪ್ಪಿದ ಚೆಂಡಿಗೆ ಹಿಂದೆ ಮತ್ತೊಬ್ಬ ಸಿದ್ಧನಿರುವ ವ್ಯವಸ್ಥೆ, ಇವೆಲ್ಲ ರೈಟ್ ಕಲಿಸಿದ ಪಾಠಗಳು. ಆ ವರ್ಷ ತಂಡ 57 ಪಂದ್ಯ ಗೆದ್ದಿತು, ಒಂದನ್ನೂ ಸೋಲಲಿಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು 1870ರ ಜೂನ್ 14ರಂದು. ಬ್ರೂಕ್ಲಿನ್‌ನ ಅಟ್ಲಾಂಟಿಕ್ಸ್ ತಂಡದ ಎದುರು 9 ಇನ್ನಿಂಗ್ಸ್ ಮುಗಿದಾಗ ಎರಡೂ ಕಡೆ 5 ರನ್. ಎದುರಾಳಿಗಳು ಸಮವೆಂದು ಒಪ್ಪಿಕೊಳ್ಳಲು ಸಿದ್ಧರಿದ್ದರು. ರೈಟ್ ಕೂಡ ತಲೆಯಾಡಿಸಿದ್ದರೆ ಅಜೇಯ ಎಂಬ ಹೆಸರು ಉಳಿಯುತ್ತಿತ್ತು. ಅವರು ಆಟ ಮುಂದುವರಿಯಲೇಬೇಕು ಎಂದರು. ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ರೈಟ್ ತಂಡ 2 ರನ್ ಗಳಿಸಿದರೆ, ಅಟ್ಲಾಂಟಿಕ್ಸ್ 3 ಗಳಿಸಿತು. 8-7ರ ಸೋಲು!

ಆ ವರ್ಷದ ಕೊನೆಗೆ ಸಿನ್ಸಿನಾಟಿ ಕ್ಲಬ್ ಸಂಬಳದ ಆಟಗಾರರನ್ನು ಕೈಬಿಟ್ಟಿತು. ರೈಟ್ ಬಾಸ್ಟನ್‌ಗೆ ಹೋಗಿ ಹೊಸ ತಂಡ ಕಟ್ಟಿದರು. 1872ರಿಂದ 1875ರವರೆಗೆ ಸತತ ನಾಲ್ಕು ಬಾರಿ, ಮತ್ತೆ 1877 ಹಾಗೂ 1878ರಲ್ಲಿ ಆ ತಂಡ ಚಾಂಪಿಯನ್ ಆಯಿತು. ಫಿಲಡೆಲ್ಫಿಯಾದಲ್ಲಿದ್ದಾಗ, 1890ರಲ್ಲಿ ಕೆಲಕಾಲ ದೃಷ್ಟಿಯೇ ಹೋಯಿತು. ಚೇತರಿಸಿಕೊಂಡು ಮತ್ತೆ ತಂಡ ನಡೆಸಿದರು. 1895ರಲ್ಲಿ ನಿಧನರಾದ ಅವರಿಗೆ 1953ರಲ್ಲಿ ಬೇಸ್‌ಬಾಲ್‌ನ 'ಹಾಲ್ ಆಫ್ ಫೇಮ್' ಗೌರವ ಸಂದಿತು.

ಆಟದಿಂದಲೂ ಹೊಟ್ಟೆ ತುಂಬೀತು. ಆದರೆ ವಿದ್ಯಾರ್ಥಿಗಳೇ, ರೈಟ್ ಅವರ ತಂಡಕ್ಕೆ ಸಂಬಳ ಸಿಕ್ಕಿದ್ದು ಬರಿಯ ಆಟದ ಖುಷಿಗಲ್ಲ, ದಿನದಿನದ ದುಡಿಮೆಗೆ.