ಭಾಷೆ ಲೆಕ್ಕಕ್ಕೆ ಬಂದಾಗ ಹೆಂಗಸು ಮಾಯ

ಚುನಾವಣೆ ಘೋಷಣೆಯಾದ ಕೂಡಲೇ ನಮ್ಮ ಕಾಸರಗೋಡಿನಲ್ಲಿ ಒಂದು ಕೂಗು ಏಳುತ್ತದೆ. "ನಮಗೆ ಕನ್ನಡ ಗೊತ್ತಿರುವ ಅಭ್ಯರ್ಥಿ ಬೇಕು." ಸರಿಯಾದ ಕೂಗೇ. ಮಲಯಾಳ ಮಾತ್ರ ಬಲ್ಲವರು ಶಾಸಕರಾದರೆ ನಮ್ಮ ಶಾಲೆಗೆ ಕನ್ನಡ ತಿಳಿಯದ ಮಾಸ್ತರರನ್ನು ಹಾಕಿದಾಗ ಅದರಲ್ಲಿ ಏನು ತಪ್ಪಿದೆ ಎಂದು ಅವರಿಗೆ ವಿವರಿಸುವುದರಲ್ಲೇ ಅರ್ಧ ವರ್ಷ ಹೋಗುತ್ತದೆ. ಹಾಗಾಗಿ ಆ ಬೇಡಿಕೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಆ ಬೇಡಿಕೆಯೊಳಗೆ ಯಾರೂ ಬಾಯಿಬಿಟ್ಟು ಹೇಳದೆ ಸೇರಿಸಿಬಿಟ್ಟಿರುವ ಇನ್ನೊಂದು ಷರತ್ತಿನ ಬಗ್ಗೆ. ಕನ್ನಡದ ಅಭ್ಯರ್ಥಿ ಎಂದರೆ ಕನ್ನಡದ ಗಂಡಸು!

ಮೊದಲೇ ಹೇಳಿಬಿಡುತ್ತೇನೆ, ನಾನು ಸರಕಾರಿ ಶಾಲೆಯ ಟೀಚರು. ಯಾವ ಪಕ್ಷದ ಪರವೂ ಇಲ್ಲಿ ಬರೆಯುವುದಿಲ್ಲ, ಬರೆಯುವ ಹಾಗೂ ಇಲ್ಲ. ಈ ವಿಷಯದಲ್ಲಂತೂ ಎಲ್ಲ ಪಕ್ಷಗಳೂ ಒಂದೇ ಬೆಂಚಿನವು.

ಮಂಜೇಶ್ವರದ ಲೆಕ್ಕವನ್ನೇ ನೋಡಿ. 1957ರಲ್ಲಿ ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. ಆಮೇಲೆ ಮಹಾಬಲ ಭಂಡಾರಿ, ರಾಮಪ್ಪ ಮಾಸ್ತರ್, ಸುಬ್ಬರಾಯರು, ಚೆರ್ಕಳಂ ಅಬ್ದುಲ್ಲ, ಕುಂಞಂಬು, ಅಬ್ದುಲ್ ರಜಾಕ್, ಕಮರುದ್ದೀನ್, 2021ರಲ್ಲಿ ಅಶ್ರಫ್. ಕನ್ನಡದವರು ಗೆದ್ದಿದ್ದಾರೆ, ಮಲಯಾಳದವರು ಗೆದ್ದಿದ್ದಾರೆ. ಕಮ್ಯುನಿಸ್ಟರು, ಮುಸ್ಲಿಂ ಲೀಗಿನವರು, ಪಕ್ಷೇತರರು ಎಲ್ಲರೂ ಗೆದ್ದಿದ್ದಾರೆ. ಅಶ್ರಫ್ ಕನ್ನಡದಲ್ಲೇ ಪ್ರಮಾಣ ವಚನ ತೆಗೆದುಕೊಂಡಾಗ ನಾವೆಲ್ಲ ಖುಷಿಪಟ್ಟೆವು. ಆದರೆ ಈ ಅರುವತ್ತನಾಲ್ಕು ವರ್ಷಗಳ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರಿದೆಯಾ? ಇಲ್ಲ. 2019ರ ಉಪಚುನಾವಣೆಯಲ್ಲಿ ಭಾಷೆಯ ಲೆಕ್ಕ ಜೋರಾಗಿಯೇ ನಡೆದಿತ್ತು. ಸಿಪಿಎಂ ಶಂಕರ ರೈಯವರನ್ನು ನಿಲ್ಲಿಸಿತು, ಬಿಜೆಪಿ ರವೀಶ ತಂತ್ರಿ ಕುಂಟಾರು ಅವರನ್ನು ನಿಲ್ಲಿಸಿತು. ಭಾಷೆಯನ್ನು ಅಷ್ಟು ಸೂಕ್ಷ್ಮವಾಗಿ ಅಳೆದವರ ಕಣ್ಣಿಗೆ ಈ ಊರಿನಲ್ಲಿ ಅರ್ಧದಷ್ಟು ಹೆಂಗಸರಿದ್ದಾರೆ ಎಂಬುದು ಬೀಳಲೇ ಇಲ್ಲ.

ಕೇಳಿದರೆ ಉತ್ತರ ರೆಡಿ. "ಗೆಲ್ಲುವ ಸಾಮರ್ಥ್ಯ ನೋಡಬೇಕಲ್ಲ ಟೀಚರೇ." ಈ ಸಾಮರ್ಥ್ಯವನ್ನು ಅಳೆಯುವ ಮಾಪನ ಎಲ್ಲಿ ಸಿಗುತ್ತದೋ ನನಗೆ ಗೊತ್ತಿಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಸೋಲು ಗೆಲುವಿನ ಅಂತರ 89 ಮತ, 2021ರಲ್ಲಿ 745. ಸೋತ ಗಂಡಸರನ್ನು ಪಕ್ಷಗಳು ಮತ್ತೆ ಮತ್ತೆ ನಿಲ್ಲಿಸುತ್ತವೆ, ಅದಕ್ಕೆ ಅನುಭವ ಅಂತ ಹೆಸರು. ಹೆಂಗಸು ಒಮ್ಮೆ ಸೋತರೆ "ನೋಡಿದಿರಾ, ನಾವು ಹೇಳಿರಲಿಲ್ಲವಾ?"

ಇನ್ನು ಪಂಚಾಯತಿಗೆ ಬನ್ನಿ. ಅಲ್ಲಿ ಕಾನೂನೇ ಇರುವುದರಿಂದ ಬೇರೆ ಕಥೆ. ಕೇರಳದಲ್ಲಿ 2010ರ ಚುನಾವಣೆಯಿಂದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಅದಕ್ಕೂ ಮೊದಲು ಮೂರನೇ ಒಂದು ಪಾಲು ಇತ್ತು. ನಮ್ಮ ಶಾಲೆಯ ಬಿಸಿಯೂಟದ ಕೋಣೆಯ ಮಾಡು ಸೋರಿದಾಗ ಓಡಾಡಿದ್ದು, ಕುಡಿಯುವ ನೀರಿನ ಪೈಪಿಗಾಗಿ ಆಫೀಸಿನಿಂದ ಆಫೀಸಿಗೆ ಅಲೆದದ್ದು ಇಂಥ ಸದಸ್ಯೆಯರೇ. ಐದು ವರ್ಷ ಕಳೆಯಿತು. ವಾರ್ಡು ಸರದಿಯಂತೆ "ಜನರಲ್" ಆಯಿತು. ಕೆಲಸ ಕಲಿತವಳನ್ನು ಮನೆಗೆ ಕಳಿಸಿದರು. ಸ್ನೇಹಿತರೇ, ಜನರಲ್ ಎಂದರೆ ಎಲ್ಲರಿಗೂ ತೆರೆದದ್ದು ಎಂದು ನಾವು ಮಕ್ಕಳಿಗೆ ಸಮಾಜ ಪಾಠದಲ್ಲಿ ಹೇಳಿಕೊಡುತ್ತೇವೆ. ಪಕ್ಷದ ಆಫೀಸಿನಲ್ಲಿ ಅದರ ಅರ್ಥ "ಗಂಡಸರದ್ದು" ಎಂದು. ನಮ್ಮ ಸ್ಟಾಫ್ ರೂಮಿನಲ್ಲೂ ಹಾಗೇ ಮಾತಾಡುತ್ತಾರೆ. "ಈ ಸಲ ಲೇಡೀಸಾ, ಜನರಲ್ಲಾ?" ಎಂದು ಕೇಳುವವರಲ್ಲಿ ಟೀಚರುಗಳೂ ಇದ್ದಾರೆ ಮಾರಾಯ್ರೆ.

ಕಾನೂನು ಒತ್ತಾಯಿಸದ ಕಡೆ ಏನಾಗುತ್ತದೆ? ಕೇರಳ ವಿಧಾನಸಭೆಯ 140 ಸ್ಥಾನಗಳಲ್ಲಿ 1996ರಲ್ಲಿ 13 ಹೆಂಗಸರು ಗೆದ್ದಿದ್ದರು. ಇಪ್ಪತ್ತೈದು ವರ್ಷ ಕಳೆದು 2021ರಲ್ಲಿ 11. ಸಾಕ್ಷರತೆಯಲ್ಲಿ ದೇಶಕ್ಕೇ ಮುಂದೆ ಎಂದು ಹೇಳಿಕೊಳ್ಳುವ ರಾಜ್ಯ ಇದು. ಆ ವರ್ಷವೇ ಟಿಕೆಟ್ ಸಿಗದ ಲತಿಕಾ ಸುಭಾಷ್ ತಿರುವನಂತಪುರದಲ್ಲಿ ಕಾಂಗ್ರೆಸ್ ಕಚೇರಿಯ ಎದುರೇ ಕೂತು ತಲೆ ಬೋಳಿಸಿಕೊಂಡರು. ಅವರು ಆಗ ಆ ಪಕ್ಷದ ಮಹಿಳಾ ಘಟಕದ ರಾಜ್ಯ ಅಧ್ಯಕ್ಷೆಯಾಗಿದ್ದವರು! ಮುಸ್ಲಿಂ ಲೀಗ್ 1996ರ ನಂತರ ಒಬ್ಬ ಹೆಂಗಸನ್ನು ವಿಧಾನಸಭೆಗೆ ನಿಲ್ಲಿಸಿದ್ದೂ 2021ರಲ್ಲೇ. ಎಡಪಕ್ಷದವರು ನಗಬೇಕಾಗಿಲ್ಲ. 1957ರ ಮಂತ್ರಿಮಂಡಲದಲ್ಲೇ ಕಂದಾಯ ಮಂತ್ರಿಯಾಗಿದ್ದ ಗೌರಿ ಅಮ್ಮನ ಹೆಸರು ಹೇಳಿ 1987ರಲ್ಲಿ ಓಟು ಕೇಳಿದರು, ಈಳವ ಸಮುದಾಯದ ಹೆಂಗಸು ರಾಜ್ಯ ಆಳುತ್ತಾಳೆ ಎಂದು ಜನ ನಂಬಿದರು. ಗೆದ್ದ ಮೇಲೆ ಕುರ್ಚಿಯಲ್ಲಿ ಕೂತದ್ದು ನಾಯನಾರ್. 1996ರಲ್ಲಿ ಸುಶೀಲಾ ಗೋಪಾಲನ್ ಹೆಸರು ಬಂತು. ನಮ್ಮ ಕಾಸರಗೋಡಿನ ಸಂಸದರಾಗಿದ್ದ ಎ.ಕೆ.ಜಿ.ಯವರ ಪತ್ನಿ. ಆಗಲೂ ನಾಯನಾರ್.

ಎರಡು ಗುರುತುಗಳು ಒಬ್ಬಳಲ್ಲೇ ಇದ್ದರೆ ಕಷ್ಟ ಇನ್ನೂ ಹೆಚ್ಚು. ವಯನಾಡಿನ ಕುರಿಚ್ಯ ಸಮುದಾಯದ ಪಿ.ಕೆ. ಜಯಲಕ್ಷ್ಮಿ 2011ರಲ್ಲಿ ಮಾನಂದವಾಡಿಯಿಂದ ಗೆದ್ದು ಮಂತ್ರಿಯಾದರು, ಕೇರಳದ ಮೊದಲ ಆದಿವಾಸಿ ಮಂತ್ರಿಣಿ. ಆದರೆ ಅದು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಆ ಬೇಲಿ ಇಲ್ಲದಿದ್ದರೆ ಯಾವ ಪಕ್ಷ ಅವರ ಮನೆ ಬಾಗಿಲಿಗೆ ಹೋಗುತ್ತಿತ್ತು? ನಮ್ಮಲ್ಲಿ 2024ರ ಲೋಕಸಭೆಗೆ ಬಿಜೆಪಿ ಎಂ.ಎಲ್. ಅಶ್ವಿನಿಯವರನ್ನು ನಿಲ್ಲಿಸಿತು. ಕನ್ನಡ ಬಲ್ಲವರು, ಹಿಂದೆ ಶಿಕ್ಷಕಿಯಾಗಿದ್ದವರು, ಆಗ ಮಂಜೇಶ್ವರ ಬ್ಲಾಕ್ ಪಂಚಾಯತ್ ಸದಸ್ಯೆಯಾಗಿದ್ದವರು. ಕೇಳಲು ಚಂದ. ಆದರೆ ಆ ಪಕ್ಷ 2014ರಲ್ಲೂ 2019ರಲ್ಲೂ ಮೂರನೇ ಸ್ಥಾನದಲ್ಲಿದ್ದ ಕ್ಷೇತ್ರ ಅದು, 2024ರಲ್ಲೂ ಮೂರನೆಯದೇ. ಗೆಲ್ಲುವ ಹತ್ತಿರ ಇದ್ದ ಮಂಜೇಶ್ವರದಲ್ಲಿ 2016ರಲ್ಲೂ 2021ರಲ್ಲೂ ಅದೇ ಪಕ್ಷ ನಿಲ್ಲಿಸಿದ್ದು ಕೋಝಿಕ್ಕೋಡಿನ ಕೆ. ಸುರೇಂದ್ರನ್ ಅವರನ್ನು. ಸೀಟು ಬಿಸಿಯಾದಾಗ ಭಾಷೆಯೂ ಇಲ್ಲ, ಹೆಂಗಸೂ ಇಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. 2008ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದಲ್ಲಿ ಹಿಲರಿ ಕ್ಲಿಂಟನ್, ಬರಾಕ್ ಒಬಾಮ ಇಬ್ಬರ ನಡುವೆ ಪೈಪೋಟಿ ನಡೆದಾಗ ಪತ್ರಿಕೆಗಳಲ್ಲೆಲ್ಲ ಒಂದೇ ಚರ್ಚೆ, ಮೊದಲು ಹೆಂಗಸಾ, ಮೊದಲು ಕರಿಯನಾ? ಕರಿಯ ಹೆಂಗಸರು ಏನು ಮಾಡಬೇಕಿತ್ತು? ತಮ್ಮನ್ನು ಎರಡು ತುಂಡು ಮಾಡಿಕೊಳ್ಳಬೇಕಿತ್ತಾ? ಅದಕ್ಕೂ ಮೊದಲೇ, 1972ರಲ್ಲಿ, ಶರ್ಲಿ ಚಿಸಮ್ ಅದೇ ಪಕ್ಷದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿತನ ಕೇಳಿದ್ದರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕರಿಯ ಮಹಿಳೆ. ರಾಜಕೀಯಕ್ಕೆ ಬರುವ ಮುಂಚೆ ಶಿಶುವಿಹಾರದ ಟೀಚರು! ಬಹಳಷ್ಟು ಕರಿಯ ನಾಯಕರು ಅವರ ಜೊತೆ ನಿಲ್ಲಲಿಲ್ಲ, ಮಹಿಳಾ ಸಂಘಟನೆಗಳ ಪ್ರಮುಖರೂ ಪೂರ್ತಿ ಮನಸ್ಸಿನಿಂದ ನಿಲ್ಲಲಿಲ್ಲ. ಕರಿಯಳಾಗಿ ಎದುರಿಸಿದ್ದಕ್ಕಿಂತ ಹೆಚ್ಚಿನ ಅಡ್ಡಿಯನ್ನು ಹೆಂಗಸಾಗಿ ಎದುರಿಸಿದೆ ಎಂದು ಅವರೇ ಹೇಳಿದ್ದಾರೆ.

"ಹಾಗಾದರೆ ಹೆಂಗಸು ಅಂತ ಮಾತ್ರಕ್ಕೆ ಓಟು ಹಾಕಬೇಕಾ?" ಎಂದು ಕೇಳುವವರಿದ್ದಾರೆ. ಬೇಡ. ಕನ್ನಡದವರು ಅಂತ ಮಾತ್ರಕ್ಕೂ ಬೇಡ. ಓಟು ಹಾಕುವಾಗ ಕೆಲಸ ನೋಡಿ. ನಾನು ಹೇಳುತ್ತಿರುವುದು ಓಟಿನ ಮಾತಲ್ಲ, ಅದಕ್ಕೂ ಮುಂಚೆ ಮುಚ್ಚಿದ ಕೋಣೆಯಲ್ಲಿ ಹೆಸರು ಬರೆಯುವವರ ಮಾತು. ಜಾತಿ, ಮತ, ಭಾಷೆ, ಊರು ಎಲ್ಲವನ್ನೂ ತಕ್ಕಡಿಗೆ ಹಾಕಿ ತೂಗುವ ಆ ಜನ ಹೆಂಗಸಿನ ಮಾತು ಬಂದಾಗ ಮಾತ್ರ "ನಾವು ಅರ್ಹತೆ ನೋಡುತ್ತೇವೆ" ಎನ್ನುತ್ತಾರಲ್ಲ, ಅದು ಸುಳ್ಳು.

2023ರಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ಎಂದು ಸಂವಿಧಾನ ತಿದ್ದುಪಡಿಯಾಯಿತು. ಜನಗಣತಿ, ಕ್ಷೇತ್ರ ವಿಂಗಡಣೆ ಆದ ಮೇಲೆ ಎಂಬ ಷರತ್ತನ್ನೂ ಅದರಲ್ಲೇ ಬರೆದರು. ಟಿಕೆಟ್ ಕೊಡಲು ಪಕ್ಷಗಳಿಗೆ ಯಾವ ಜನಗಣತಿಯೂ ಅಡ್ಡ ಬರುವುದಿಲ್ಲ.

ನಮ್ಮ ಕನ್ನಡ ಸಂಘಗಳವರಿಗೆ ಒಂದು ಕೆಲಸ ಕೊಡುತ್ತೇನೆ, ಹೋಂವರ್ಕ್ ಅಂತಲೇ ತಿಳಿಯಿರಿ. ಕನ್ನಡ ಅಭ್ಯರ್ಥಿ ಬೇಕು ಎಂದು ಇಷ್ಟು ವರ್ಷ ಪಕ್ಷಗಳಿಗೆ ಕೊಟ್ಟ ಮನವಿಗಳ ಪ್ರತಿ ನಿಮ್ಮ ಕಪಾಟಿನಲ್ಲಿ ಇರಬಹುದು. ತೆಗೆದು ನೋಡಿ. ಒಂದರಲ್ಲಾದರೂ ಹೆಂಗಸಿನ ಹೆಸರು ಸೂಚಿಸಿದ್ದೀರಾ? ಅಡಿಯಲ್ಲಿ ಸಹಿ ಹಾಕಿದವರಲ್ಲಿ ಹೆಂಗಸರೆಷ್ಟು? ಸಿಕ್ಕಿದರೆ ನನಗೆ ಕಳಿಸಿ, ಇಲ್ಲೇ ಹಾಕುತ್ತೇನೆ.